ಗಪ್ಪಿ ಬಾಣಂತನಕ್ಕೊಂದು ತೊಟ್ಟಿ: ಜಾಲರಿ, ಸ್ಟಿಕ್ ಫೈಲ್, ಒಂದು ಸ್ಪಂಜು

ಗಪ್ಪಿ ಮರಿ ಹಾಕಿಸುವುದರಲ್ಲಿ ಯಾವ ಜಾಣತನವೂ ಇಲ್ಲ. ಒಂದು ಗಂಡು, ಎರಡು ಮೂರು ಹೆಣ್ಣು ಒಂದೇ ನೀರಿನಲ್ಲಿದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ. ಇದು ಮೊಟ್ಟೆ ಇಡುವ ಮೀನಲ್ಲ, ನೇರವಾಗಿ ಮರಿಯನ್ನೇ ಹಾಕುತ್ತದೆ. ನಾಲ್ಕು ವಾರಕ್ಕೊಮ್ಮೆ 20–30 ಮರಿ, ದೊಡ್ಡ ಹೆಣ್ಣಾದರೆ ಇನ್ನೂ ಜಾಸ್ತಿ. ಕಷ್ಟ ಇರುವುದು ಆ ಮರಿಗಳನ್ನು ಉಳಿಸಿಕೊಳ್ಳುವುದರಲ್ಲಿ. ಎಲ್ಲ ಮೀನೂ ಒಟ್ಟಿಗಿರುವ ತೊಟ್ಟಿಯಲ್ಲಿ ರಾತ್ರಿ ಹುಟ್ಟಿದ್ದು ಬೆಳಗ್ಗೆ ಲೆಕ್ಕಕ್ಕೆ ಸಿಗುವುದಿಲ್ಲ. ತಿನ್ನುವವರ ಸಾಲಿನಲ್ಲಿ ಹೆತ್ತ ತಾಯಿಯೇ ಮೊದಲು ನಿಂತಿರುತ್ತಾಳೆ.

ಇದಕ್ಕೆ ಅಂಗಡಿಯವರು ಕೊಡುವ ಮದ್ದು ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ತಳದಲ್ಲಿ ಸೀಳು ಇರುತ್ತದೆ, ತಾಯಿ ಮೇಲೆ, ಮರಿ ಕೆಳಗೆ. ನನಗೆ ಆ ಡಬ್ಬಿ ಕಂಡರೆ ಆಗುವುದಿಲ್ಲ. ಒಳಗೆ ನೀರು ಓಡಾಡುವುದಿಲ್ಲ. ತುಂಬು ಬಸುರಿ ಮೀನು ತಿರುಗಲೂ ಜಾಗವಿಲ್ಲದೆ ಗೋಡೆಗೆ ಮೂತಿ ಗುದ್ದಿಕೊಳ್ಳುತ್ತಿರುತ್ತದೆ. ಗಾಬರಿಗೆ ದಿನ ತುಂಬುವ ಮುಂಚೆಯೇ ಹಾಕಿಬಿಡುವುದೂ ಉಂಟು. ಹಾಗೆ ಬಂದ ಮರಿಗಳ ಹೊಟ್ಟೆಯಲ್ಲಿ ಹಳದಿ ಚೀಲ ಇನ್ನೂ ಉಳಿದಿರುತ್ತದೆ. ಈಜಲಾಗದೆ ತಳದಲ್ಲೇ ಬಿದ್ದಿರುತ್ತವೆ, ಹೆಚ್ಚಿನವು ಬದುಕುವುದಿಲ್ಲ.

ನನಗೆ ಬೇಕಾಗಿದ್ದು ಬೇರೆ. ತಾಯಿಯನ್ನು ಆದಷ್ಟು ಕಡಿಮೆ ಮುಟ್ಟಬೇಕು. ಮರಿಗೆ ಓಡಿಹೋಗಲು ದಾರಿ ಇರಬೇಕು. ಓಡಿಹೋದ ಕಡೆ ನೀರು ಪಳಗಿರಬೇಕು, ಅಂದರೆ ಮೀನಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಅಲ್ಲಿ ಆಗಲೇ ನೆಲೆಸಿರಬೇಕು. ಈ ಮೂರಕ್ಕೆ ತಕ್ಕಂತೆ ಕಟ್ಟಿದ ತೊಟ್ಟಿ ಇದು.

ಗಾಜಿನ ತೊಟ್ಟಿ 18 ಇಂಚು ಉದ್ದ, 10 ಅಗಲ, 12 ಎತ್ತರ. ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಕ್ಕಿತು. 10 ಇಂಚು ನೀರು ತುಂಬಿದರೆ ಸುಮಾರು 28 ಲೀಟರ್. ಅಂದರೆ ನೀರೇ 28 ಕಿಲೋ, ಗಾಜು ಬೇರೆ. ಟಿವಿ ಸ್ಟ್ಯಾಂಡ್ ಮೇಲೆ ಇಡುವ ಯೋಚನೆ ಬೇಡ. ಗಟ್ಟಿ ಮೇಜು, ಅದರ ಮೇಲೆ ಅರ್ಧ ಇಂಚು ಥರ್ಮಾಕೋಲ್, ಅದರ ಮೇಲೆ ತೊಟ್ಟಿ. ಮೊದಲು ಹಳೆ ಪೇಪರ್ ಹಾಸಿ, ರಾತ್ರಿಯಿಡೀ ನೀರು ತುಂಬಿಸಿಟ್ಟು ನೋಡಿ. ಬೆಳಗ್ಗೆ ಪೇಪರ್ ಒಣಗಿದ್ದರೆ ತೊಟ್ಟಿ ಸರಿ ಇದೆ ಎಂದರ್ಥ.

ಈಗ ಅಡ್ಡಗೋಡೆ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಎಡಗಡೆ 6 ಇಂಚು ತಾಯಿಗೆ, ಬಲಗಡೆ 12 ಇಂಚು ಮರಿಗಳಿಗೆ. ನಡುವೆ ಪ್ಲಾಸ್ಟಿಕ್ ಜಾಲರಿ. ಮರಿ ಹುಟ್ಟುವಾಗ 6–7 ಮಿಲಿಮೀಟರ್ ಉದ್ದ ಇರುತ್ತದೆ, ಆದರೆ ದಪ್ಪ ಏನೂ ಇಲ್ಲ. 3 ಮಿಲಿಮೀಟರ್ ಕಣ್ಣಿನಲ್ಲಿ ಸಲೀಸಾಗಿ ದಾಟುತ್ತದೆ, ತಾಯಿ ದಾಟುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಜಾಲರಿಯ ಕಣ್ಣು ಎಷ್ಟು ಮಿಲಿಮೀಟರ್ ಎಂದು ಕೇಳಿದರೆ ನಮ್ಮ ಮುಖವನ್ನೇ ನೋಡುತ್ತಾರೆ. ಅದಕ್ಕೇ ಎರಡು ಮೂರು ಬಗೆಯ ತುಂಡು ತಂದು ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದೆ. ಸಾಸಿವೆ ಸುರಿದರೆ ಎಲ್ಲಾ ಇಳಿಯಬೇಕು, ಹೆಸರುಕಾಳು ಸುರಿದರೆ ಒಂದೂ ಇಳಿಯಬಾರದು. ಅಂಥ ಜಾಲರಿ ಸಿಕ್ಕಿದರೆ ಅದೇ ಸರಿಯಾದದ್ದು. ನೆಲದ ಮೇಲೆ ಉರುಳಿದ ಸಾಸಿವೆಗೆ ಅತ್ತೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಜಿಐ ಜಾಲರಿ, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, ಅಗ್ಗ, ಗಟ್ಟಿ, ನೋಡಲೂ ಚೆನ್ನ. ಆದರೂ ಬೇಡ. ಅದರ ಮೇಲಿನ ಸತು ನೀರಿಗೆ ಬಿಟ್ಟುಕೊಂಡರೆ ಮೀನಿಗೆ ವಿಷ. ತಾಮ್ರದ್ದೂ ಹಾಗೇ. ಪ್ಲಾಸ್ಟಿಕ್ಕೇ ಸರಿ.

ಜಾಲರಿಯನ್ನು ನಿಲ್ಲಿಸಲು ಸ್ಟೇಷನರಿ ಅಂಗಡಿಯ ಸ್ಟಿಕ್ ಫೈಲ್ ತಂದೆ. ಹಾಳೆಗಳನ್ನು ಕಚ್ಚಿ ಹಿಡಿಯುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಅದು. ಫೈಲ್ ಮಕ್ಕಳಿಗೆ, ಪಟ್ಟಿ ನನಗೆ. ಮುಂದಿನ ಗಾಜಿನ ಒಳಮೈಗೆ ಒಂದು ಪಟ್ಟಿ, ಹಿಂದಿನದಕ್ಕೆ ಒಂದು, ಎರಡೂ ನೇರ ಎದುರುಬದುರಾಗಿ ಸಿಲಿಕೋನ್‌ನಿಂದ ಅಂಟಿಸಿದೆ. ಸೀಳು ತೊಟ್ಟಿಯ ಒಳಗಡೆಗೆ ತಿರುಗಿರಬೇಕು. ಜಾಲರಿಯನ್ನು ಮೇಲಿಂದ ಈ ಎರಡು ಸೀಳುಗಳ ನಡುವೆ ಇಳಿಸಿದರೆ ಕೂತುಕೊಳ್ಳುತ್ತದೆ, ಬೇಡವಾದಾಗ ಎಳೆದು ತೆಗೆಯಬಹುದು. ಸಿಲಿಕೋನ್ ಕೊಳ್ಳುವಾಗ ಟ್ಯೂಬಿನ ಮೇಲೆ ಶಿಲೀಂಧ್ರ ನಿರೋಧಕ ಎಂದೇನಾದರೂ ಬರೆದಿದ್ದರೆ ವಾಪಸ್ ಇಡಿ. ಬಚ್ಚಲುಮನೆಗೆಂದು ಮಾಡಿದ್ದು ಅದು, ಮೀನಿಗೆ ಆಗದು. ಮಾಮೂಲಿ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಆ ವಾಸನೆ ಪೂರ್ತಿ ಹೋಗುವವರೆಗೆ, ಕಡಿಮೆಯೆಂದರೆ ಎರಡು ಮೂರು ದಿನ, ನೀರು ತುಂಬಬೇಡಿ.

ಜಾಲರಿ ಕತ್ತರಿಸಿದ ಅಂಚು ಮುಳ್ಳು ಮುಳ್ಳಾಗಿರುತ್ತದೆ. ಉಜ್ಜುಕಾಗದದಲ್ಲಿ ತೀಡಿ, ಬೆರಳು ಆಡಿಸಿ ನೋಡಿ. ಬೆರಳಿಗೆ ಚುಚ್ಚಿದರೆ ಬಸುರಿಯ ಹೊಟ್ಟೆಗೂ ಚುಚ್ಚುತ್ತದೆ. ತಳದಲ್ಲಿ ಸಂದಿ ಉಳಿಯಬಾರದು. ಮೇಲುಗಡೆ ನೀರಿನಿಂದ ಎರಡು ಇಂಚು ಹೊರಗೆ ನಿಂತಿರಬೇಕು, ಯಾಕೆಂದರೆ ಗಪ್ಪಿ ನೆಗೆಯುತ್ತದೆ. ತೊಟ್ಟಿಗೊಂದು ಮುಚ್ಚಳವೂ ಬೇಕು.

ಎರಡೂ ಕಡೆ ತಳಕ್ಕೆ ಮರಳು, ಜಲ್ಲಿ ಏನೂ ಹಾಕಿಲ್ಲ. ನೋಡಲು ಬೋಳು. ಆದರೆ ಉಳಿದ ಆಹಾರ, ಕಸ ಎಲ್ಲಾ ಕಣ್ಣಿಗೆ ಕಾಣುತ್ತದೆ, ಎಳೆದು ತೆಗೆಯುವುದು ಸುಲಭ. ಮರಿಗಳ ಕಡೆ ಜಾವಾ ಮಾಸ್ ಎಂಬ ನೀರು ಹಾವಸೆಯ ಗಂಟು, ತೇಲುವ ಹಾರ್ನ್‌ವರ್ಟ್ ಗಿಡ, ಮೇಲೊಂದಿಷ್ಟು ಅಂತರಗಂಗೆ. ದೀಪವೂ ಆ ಕಡೆಗೇ. ತಾಯಿಯ ಕಡೆ ಮುಚ್ಚಳದ ಮೇಲೆ ಕಪ್ಪು ರಟ್ಟು ಇಟ್ಟು ಮಬ್ಬು ಮಾಡಿದೆ. ಬಸುರಿಗೆ ಮಬ್ಬಿನಲ್ಲಿ ನೆಮ್ಮದಿ. ಮರಿಗಳು ಬೆಳಕು, ಗಿಡ ಇರುವ ಕಡೆಗೆ ಜಾಲರಿ ದಾಟಿಕೊಂಡು ಹೋಗುತ್ತವೆ. ಕೆರೆಯಿಂದ ತಂದ ಗಿಡವಾದರೆ ಮಾತ್ರ ಹುಷಾರು. ಏರೋಪ್ಲೇನ್ ಚಿಟ್ಟೆಯ ನೀರಿನೊಳಗಿನ ಮರಿ ಒಂದೇ ಒಂದು ಬಂದು ಸೇರಿಕೊಂಡರೂ ದಿನಕ್ಕಷ್ಟು ಗಪ್ಪಿ ಮರಿ ತಿಂದು ಮುಗಿಸುತ್ತದೆ. ಪೊಟ್ಯಾಶಿಯಂ ಪರ್ಮಾಂಗನೇಟಿನ ತಿಳಿ ಗುಲಾಬಿ ನೀರಿನಲ್ಲಿ ಗಿಡವನ್ನು ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆದು, ಒಂದೊಂದು ಎಸಳನ್ನೂ ನೋಡಿ ಹಾಕುವುದು ಒಳ್ಳೆಯದು.

ಫಿಲ್ಟರ್ ವಿಷಯಕ್ಕೆ ಬರೋಣ. ಮೋಟಾರ್ ಇರುವ ಫಿಲ್ಟರ್ ಮರಿಗಳನ್ನೇ ಒಳಗೆ ಎಳೆದುಬಿಡುತ್ತದೆ. ಸ್ಪಂಜ್ ಫಿಲ್ಟರ್‌ಗೆ ಆ ಕಾಟ ಇಲ್ಲ. ರೆಡಿ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ, ಆದರೂ ಮನೆಯಲ್ಲಿ ಅರ್ಧ ಇಂಚಿನ ಪೈಪು ಬಿದ್ದಿತ್ತಲ್ಲ ಎಂದು ನಾನೇ ಮಾಡಿದೆ. 9 ಇಂಚು ಪೈಪು. ಕೆಳಗಿನ 3 ಇಂಚಿಗೆ ಕಾಯಿಸಿದ ಮೊಳೆಯಿಂದ ಸುತ್ತಲೂ ತೂತು. ತೂತಿರುವ ಭಾಗಕ್ಕೆ ದಪ್ಪ ಕಣ್ಣಿನ ಫಿಲ್ಟರ್ ಸ್ಪಂಜು. ಪಾತ್ರೆ ತೊಳೆಯುವ ಸ್ಪಂಜು ಬೇಡ, ಕೆಲವಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಹಾಕಿರುತ್ತಾರೆ, ನಮಗೆ ಬೇಕಾಗಿರುವುದೇ ಬ್ಯಾಕ್ಟೀರಿಯಾ. ಪೈಪಿನ ಬುಡವನ್ನು ಒಂದು ಟೈಲ್ಸ್ ಚೂರಿಗೆ ಸಿಲಿಕೋನ್‌ನಿಂದ ಅಂಟಿಸಿದರೆ ತೇಲದೆ ನಿಲ್ಲುತ್ತದೆ. ಏರ್ ಪಂಪಿನಿಂದ ಬರುವ ಗಾಳಿಯ ನಳಿಕೆಯನ್ನು ಪೈಪಿನೊಳಗೆ ಆದಷ್ಟು ತಳದವರೆಗೆ ಇಳಿಸಬೇಕು.

ಇದು ಕೆಲಸ ಮಾಡುವ ರೀತಿ ಚೆಂದ. ಗುಳ್ಳೆಗಳು ಪೈಪಿನೊಳಗೆ ಮೇಲೇರುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಆ ಜಾಗಕ್ಕೆ ಹೊಸ ನೀರು ಬರಬೇಕಾದರೆ ಸ್ಪಂಜಿನ ಮೂಲಕವೇ ಬರಬೇಕು. ಗುಳ್ಳೆ ಎಷ್ಟು ಆಳದಿಂದ ಹೊರಡುತ್ತದೋ ಎಳೆತ ಅಷ್ಟು ಜೋರು. ಸ್ಪಂಜಿನ ಮೈಮೇಲೆ ಕೂತ ಬ್ಯಾಕ್ಟೀರಿಯಾ ಮೀನಿನ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷ. ಕೊನೆಯದು ಅಷ್ಟೇನೂ ಕೆಟ್ಟದ್ದಲ್ಲ, ನೀರು ಬದಲಿಸಿದರೆ ಹೋಗುತ್ತದೆ.

ಆದರೆ ಹೊಸ ಸ್ಪಂಜಿನಲ್ಲಿ ಇದ್ಯಾವುದೂ ಇರುವುದಿಲ್ಲ. ಪಳಗಲು ಮೂರು ನಾಲ್ಕು ವಾರ ಬೇಕು. ಹಾಗಾಗಿ ತೊಟ್ಟಿಯ ಕೆಲಸ ಶುರುಮಾಡುವ ಮುಂಚೆಯೇ ಈ ಫಿಲ್ಟರನ್ನು ದೊಡ್ಡ ಮೀನುಗಳ ಹಳೆಯ ತೊಟ್ಟಿಯಲ್ಲಿ ಓಡಲು ಬಿಟ್ಟಿದ್ದೆ. ಹೊಸ ತೊಟ್ಟಿಗೆ ಅರ್ಧ ನೀರೂ ಅಲ್ಲಿಯದೇ. ಮರಿ ಸಾಯುವುದಕ್ಕೆ ಜನ ಆಹಾರವನ್ನು ಬೈಯುತ್ತಾರೆ. ನನ್ನ ಪ್ರಕಾರ ಹತ್ತರಲ್ಲಿ ಎಂಟು ಸಲ ತಪ್ಪು ಪಳಗದ ನೀರಿನದು. ಅದರಲ್ಲೂ ಬೋರ್‌ವೆಲ್ ನೀರಿನವರು ಇದನ್ನು ಗಮನಿಸಬೇಕು. ಗಪ್ಪಿಗೆ ಗಡಸು ನೀರು ಚೆನ್ನಾಗಿಯೇ ಒಗ್ಗುತ್ತದೆ, ಅದು ಖುಷಿಯ ವಿಷಯ. ಆದರೆ ಪಿಎಚ್ 8ರ ಕಡೆಗೆ ಏರಿದಷ್ಟೂ ಇದ್ದ ಅಮೋನಿಯದಲ್ಲೇ ವಿಷದ ಪಾಲು ಹೆಚ್ಚುತ್ತದೆ. ನೇರ ನಲ್ಲಿಯ ಕಾವೇರಿ ನೀರಾದರೆ ಚಿಂತೆ ಕ್ಲೋರಿನ್‌ದು. ಬಕೆಟ್‌ನಲ್ಲಿ ಒಂದು ದಿನ ಬಾಯಿ ತೆರೆದು ಇಡಿ, ಇಲ್ಲವೇ ಕ್ಲೋರಿನ್ ತೆಗೆಯುವ ಔಷಧ ಹನಿಸಿ.

ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲದಿದ್ದರೆ ನಳಿಕೆಯ ನಡುವೆ ನಾನ್-ರಿಟರ್ನ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಅದೇ ನಳಿಕೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ, ಅಲ್ಲಿಂದ ಸ್ವಿಚ್ ಬೋರ್ಡಿಗೆ ಬರಬಹುದು. ಪ್ಲಗ್ಗಿಗೆ ಹೋಗುವ ವೈರುಗಳೆಲ್ಲ ಪ್ಲಗ್ಗಿಗಿಂತ ಕೆಳಗೆ ಒಂದು ಬಾಗು ತೆಗೆದುಕೊಂಡು ಮೇಲೇರಬೇಕು. ಹನಿ ಅಲ್ಲೇ ಬೀಳುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗೆ 50 ವಾಟಿನ ಹೀಟರ್ ಸಾಕು, 26 ಡಿಗ್ರಿಗೆ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಅದು ತೆಪ್ಪಗೆ ಕೂತಿರುತ್ತದೆ.

ತಾಯಿಯನ್ನು ಈ ತೊಟ್ಟಿಗೆ ಯಾವಾಗ ತರಬೇಕು? ಹಿಂದಿನ ಸಲ ಮರಿ ಹಾಕಿದ ತಾರೀಖನ್ನು ದೊಡ್ಡ ತೊಟ್ಟಿಯ ಮೇಲೆ ಟೇಪ್ ಅಂಟಿಸಿ ಬರೆದಿರುತ್ತೇನೆ. 26 ಡಿಗ್ರಿಯಲ್ಲಿ ಸುಮಾರು 28 ದಿನ. ನೀರು ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ತಡ. ಇಪ್ಪತ್ತು ದಿನ ಕಳೆದ ಮೇಲೆ ಹೊಟ್ಟೆ ನೋಡಲು ಶುರು. ಗುದದ ರೆಕ್ಕೆಯ ಬುಡದ ಹತ್ತಿರ, ಹೊಟ್ಟೆಯ ಹಿಂತುದಿಯಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ, ಅದು ದಿನದಿನಕ್ಕೆ ದೊಡ್ಡದಾಗಿ ಕಪ್ಪೇರುತ್ತದೆ. ತಿಳಿ ಬಣ್ಣದ ಹೆಣ್ಣಾದರೆ ಮಚ್ಚೆ ಕಿತ್ತಳೆಯಾಗಿ ಕಂಡು, ಕೊನೆಕೊನೆಗೆ ಒಳಗಿನ ಮರಿಗಳ ಕಣ್ಣು ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತವೆ. ಮಚ್ಚೆಯೊಂದನ್ನೇ ನಂಬಬೇಡಿ. ಹೊಟ್ಟೆಯ ಆಕಾರ ನೋಡಿ. ದುಂಡಗಿದ್ದರೆ ಇನ್ನೂ ಟೈಮ್ ಇದೆ. ಎದೆಯ ಕಡೆ ಮೂಲೆ ಬಂದು ಚೌಕಾಕಾರವಾದರೆ ಹತ್ತಿರ ಬಂತು. ಊಟಕ್ಕೆ ಬಾರದೆ, ಮೂಲೆಯಲ್ಲಿ ನಿಂತಲ್ಲೇ ನಿಂತು ಜೋರಾಗಿ ಉಸಿರಾಡುತ್ತಿದ್ದರೆ ಅವತ್ತೇ ಇರಬಹುದು. ಆ ಹೊತ್ತಿಗೆ ಹಿಡಿಯಬೇಡಿ. ಹೊಟ್ಟೆ ಚೌಕ ಆಗುತ್ತಿದ್ದಂತೆ, ಎರಡು ಮೂರು ದಿನ ಮುಂಚೆಯೇ ತರಬೇಕು.

ತರುವುದಕ್ಕೆ ಬಲೆ ಬಳಸುವುದಿಲ್ಲ. ದೊಡ್ಡ ಮಗ್ಗನ್ನು ನೀರಿನಲ್ಲಿ ಓರೆ ಮಾಡಿ ಹಿಡಿದು, ಮೀನನ್ನು ನಿಧಾನಕ್ಕೆ ಅದರೊಳಗೆ ನಡೆಸಿ, ನೀರಿನ ಸಮೇತ ಎತ್ತುತ್ತೇನೆ. ಮಗ್ಗನ್ನು ಹೊಸ ತೊಟ್ಟಿಯಲ್ಲಿ ಅರ್ಧ ಗಂಟೆ ತೇಲಿಸಿ, ನಡುನಡುವೆ ಸ್ವಲ್ಪ ಸ್ವಲ್ಪ ನೀರು ಬೆರೆಸಿ ಬಿಡುವುದು. ಅಂಗಡಿಯಿಂದ ಒಂಟಿ ಹೆಣ್ಣು ತಂದವರಿಗೊಂದು ಮಾತು. ಗಂಡಿಲ್ಲದೆಯೂ ಅದು ಮರಿ ಹಾಕುತ್ತದೆ, ಗಾಬರಿ ಬೀಳಬೇಡಿ. ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಹಲವು ಸೂಲು ಹೆರುವುದು ಗಪ್ಪಿಯ ಗುಣ.

ಹೆರಿಗೆ ಕೆಲವು ಗಂಟೆ ನಡೆಯುತ್ತದೆ. ಒಂದಾದ ಮೇಲೊಂದು, ನಡುವೆ ಬಿಡುವು. ಮರಿ ಮಡಚಿಕೊಂಡೇ ಹೊರಗೆ ಬರುತ್ತದೆ. ಕೆಳಗಿಳಿಯುತ್ತಾ ಬಾಲ ಬಿಚ್ಚುತ್ತದೆ. ತಳ ಮುಟ್ಟಿ ಒಂದು ಗಳಿಗೆ ಸುಮ್ಮನಿದ್ದು, ಫಟ್ಟನೆ ಮೇಲಕ್ಕೆ ಹಾರುತ್ತದೆ. ಅಪಾಯ ಇರುವುದು ಆ ಒಂದು ಗಳಿಗೆಯಲ್ಲಿ. ಅದಕ್ಕೇ ತಾಯಿಯ ಕಡೆ ತಳದಲ್ಲೂ ಜಾವಾ ಮಾಸ್ ಹಾಸಿದ್ದೇನೆ. ಮರಿಯ ಕಣ್ಣು ಮೈಗಿಂತ ದೊಡ್ಡದಾಗಿ ಕಾಣುತ್ತದೆ. ಗಾಜಿಗೆ ಮುಖ ಹಚ್ಚಿ ನೋಡಿದರೆ ಜಾಲರಿಯ ಹತ್ತಿರ ಬಂದು, ಒಂದು ತೂತಿನೆದುರು ನಿಂತು, ಹಿಂದೆ ಸರಿದು, ಪಕ್ಕದ ತೂತಿನಲ್ಲಿ ತೂರಿಕೊಂಡು ಹೋಗುವುದು ಕಾಣುತ್ತದೆ. ಎಲ್ಲವೂ ದಾಟುವುದಿಲ್ಲ. ದಾಟಿದ್ದಷ್ಟು ಉಳಿದರೂ ಒಬ್ಬರ ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ.

ಹೆರಿಗೆಯಾದ ಕೂಡಲೇ ತಾಯಿಯನ್ನು ಗಂಡುಗಳ ನಡುವೆ ಬಿಡುವುದು ಅನ್ಯಾಯ. ಅವು ಅವಳ ಬೆನ್ನು ಬಿಡುವುದಿಲ್ಲ. ಒಂದೆರಡು ದಿನ ಅಲ್ಲೇ ಇರಲಿ. ಚೆನ್ನಾಗಿ ತಿನ್ನಲಿ. ಆಮೇಲೆ ಅದೇ ಮಗ್ಗು, ಅದೇ ಮೆರವಣಿಗೆ. ಅವಳು ಹೋದ ಮೇಲೆ ಜಾಲರಿ ಎಳೆದು ತೆಗೆದರೆ 18 ಇಂಚೂ ಮರಿಗಳಿಗೇ.

ಊಟ. ಹುಟ್ಟಿದ ದಿನವೇ ತಿನ್ನಲು ರೆಡಿ. ಒಣ ಆಹಾರವನ್ನು ಬೆರಳಲ್ಲಿ ಹಿಟ್ಟಿನಷ್ಟು ನುಣ್ಣಗೆ ಉಜ್ಜಿ, ಚಿಟಿಕೆಯಷ್ಟನ್ನು ದಿನಕ್ಕೆ ನಾಲ್ಕು ಸಲ ಕೊಟ್ಟರೂ ಬದುಕುತ್ತವೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುವ ಪದ್ಧತಿಯೂ ಇದೆ. ನನಗೆ ಸರಿಬರುವುದಿಲ್ಲ, ಒಂದು ತೊಟ್ಟು ಜಾಸ್ತಿಯಾದರೆ ಬೆಳಗ್ಗೆ ನೀರು ನಾರುತ್ತದೆ. ಆದರೆ ಗಪ್ಪಿ ಮರಿಗೆ ಆಗಷ್ಟೇ ಮೊಟ್ಟೆಯೊಡೆದು ಬಂದ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಕೊಟ್ಟು ನೋಡಿದವರು ಬೇರೆಯದಕ್ಕೆ ಹಿಂದಿರುಗುವುದಿಲ್ಲ.

ಅದಕ್ಕೆ ಬೇಕಾಗುವುದು ಸೋಡಾ ಬಾಟಲಿ. ತಳ ಕತ್ತರಿಸಿ, ಮುಚ್ಚಳ ಬಿಗಿ ಮಾಡಿ, ತಲೆಕೆಳಗೆ ನಿಲ್ಲಿಸಿ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಕಾಲು ಚಮಚ ಆರ್ಟೀಮಿಯ ಮೊಟ್ಟೆ. ಗಾಳಿಯ ನಳಿಕೆ ಬಾಟಲಿಯ ಕತ್ತಿನವರೆಗೆ ಇಳಿದಿರಬೇಕು. ಮೊಟ್ಟೆ ಎಲ್ಲೂ ತಂಗದಂತೆ ಗಾಳಿಯ ಗುಳ್ಳೆಗೆ ನೀರು ಕಲಕುತ್ತಲೇ ಇರಲಿ. ಪಕ್ಕದಲ್ಲೊಂದು ದೀಪ. 28 ಡಿಗ್ರಿ ಹತ್ತಿರ ಇದ್ದರೆ 24ರಿಂದ 30 ಗಂಟೆಯಲ್ಲಿ ಒಡೆಯುತ್ತವೆ, ಚಳಿಗಾಲದಲ್ಲಿ ಇನ್ನೂ ತಡ. ಆಮೇಲೆ ಗಾಳಿ ನಿಲ್ಲಿಸಿ ಹತ್ತು ನಿಮಿಷ ಕಾಯಿರಿ. ಕಂದು ಸಿಪ್ಪೆ ಮೇಲೆ ತೇಲುತ್ತದೆ. ಟಾರ್ಚನ್ನು ಕೆಳಗಡೆ ಹಿಡಿದರೆ ಕಿತ್ತಳೆ ಬಣ್ಣದ ಜೀವಗಳು ಬೆಳಕಿಗೆ ಬಂದು ಸೇರುತ್ತವೆ. ಸಣ್ಣ ನಳಿಕೆಯಲ್ಲಿ ಅವನ್ನು ಎಳೆದು, ಹಳೆ ಪಂಚೆಯ ತುಂಡಿನಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಬೇಕು. ಸಿಪ್ಪೆ ಹೋಗದಂತೆ ನೋಡಿಕೊಳ್ಳಿ. ಸಿಹಿನೀರಿನಲ್ಲಿ ಇವು ಕೆಲವು ಗಂಟೆ ಮಾತ್ರ ಬದುಕುತ್ತವೆ, ಹಾಗಾಗಿ ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ. ಮರಿಗಳು ತಿಂದಿವೆಯೋ ಇಲ್ಲವೋ ಎಂದು ಕೇಳುವ ಪ್ರಶ್ನೆಯೇ ಇಲ್ಲ. ಗಾಜಿನಂಥ ಹೊಟ್ಟೆಯೊಳಗೆ ಕಿತ್ತಳೆ ಚುಕ್ಕೆ ಕಾಣುತ್ತದೆ.

ಇಷ್ಟು ಸಲ ತಿನ್ನಿಸಿದರೆ ಕಸವೂ ಅಷ್ಟೇ. ಎರಡು ದಿನಕ್ಕೊಮ್ಮೆ ಐದು ಲೀಟರ್ ನೀರು ಬದಲು. ಗಾಳಿಯ ನಳಿಕೆಯಲ್ಲೇ ತಳದ ಕಸ ಎಳೆಯುತ್ತೇನೆ. ಇನ್ನೊಂದು ತುದಿ ಬಿಳಿ ಬಕೆಟ್‌ಗೆ. ಬಿಳಿಯೇ ಯಾಕೆ ಅಂದರೆ, ಎಳೆತಕ್ಕೆ ಸಿಕ್ಕಿ ಬಂದ ಮರಿ ಅದರಲ್ಲಿ ಕಾಣುತ್ತದೆ, ಚಮಚದಲ್ಲಿ ಎತ್ತಿ ವಾಪಸ್ ಬಿಡಬಹುದು. ಹೊಸ ನೀರು ಅದೇ ನಳಿಕೆಗೆ ಸಡಿಲ ಗಂಟು ಹಾಕಿ ಹನಿಹನಿಯಾಗಿ. ಸ್ಪಂಜು ತೊಳೆಯುವುದೂ ಈ ತೆಗೆದ ನೀರಿನಲ್ಲೇ, ನಲ್ಲಿ ಕೆಳಗೆ ಅಲ್ಲ. ಉಳಿದದ್ದು ಕರಿಬೇವಿನ ಕುಂಡಕ್ಕೆ.

ಸೊಳ್ಳೆ ಸ್ಪ್ರೇ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಕಡು ವಿಷ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ತೊಟ್ಟಿ ಇರುವ ಕೋಣೆಯಲ್ಲಿ ಸ್ಪ್ರೇ ಬೇಡವೇ ಬೇಡ. ಬೀದಿಯಲ್ಲಿ ಹೊಗೆ ಬಿಡುವ ಗಾಡಿ ಬಂದ ಸದ್ದು ಕೇಳಿದರೆ ನಾನು ಕಿಟಕಿ ಮುಚ್ಚಿ ಪಂಪು ಆರಿಸುತ್ತೇನೆ. ಅರ್ಧ ಗಂಟೆ ಗಾಳಿ ಇಲ್ಲದಿದ್ದರೆ ಏನೂ ಆಗುವುದಿಲ್ಲ.

ಮೂರು ನಾಲ್ಕು ವಾರಕ್ಕೆ ಗಂಡು ಹೆಣ್ಣು ಗೊತ್ತಾಗಲು ಶುರು. ಹೆಣ್ಣಿನ ಗುದದ ರೆಕ್ಕೆ ಅಗಲವಾಗಿ ಉಳಿಯುತ್ತದೆ, ಅದರ ಬುಡದ ಹತ್ತಿರ ಹೊಟ್ಟೆಯಲ್ಲಿ ಸಣ್ಣ ಕಪ್ಪು ಮಚ್ಚೆ. ಗಂಡಿನ ರೆಕ್ಕೆ ಕಡ್ಡಿಯ ಹಾಗೆ ಚೂಪಾಗುತ್ತಾ ಹೋಗುತ್ತದೆ. ಬರಿಗಣ್ಣಿಗೆ ಕಷ್ಟ. ಮೊಬೈಲ್‌ನಲ್ಲಿ ಪಕ್ಕದಿಂದ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಆರು ವಾರದೊಳಗೆ ಬೇರೆ ಮಾಡದಿದ್ದರೆ ಒಡಹುಟ್ಟಿದವೇ ಕೂಡಿ ಮತ್ತೆ ಬಸಿರು. ಬೇರೆ ಮಾಡಲು ಹೊಸ ತೊಟ್ಟಿ ಯಾಕೆ? ಅದೇ ಪಟ್ಟಿಯಲ್ಲಿ ಅದೇ ಜಾಲರಿ ಮತ್ತೆ ಇಳಿಸಿದರಾಯಿತು. ಅಷ್ಟು ಹೊತ್ತಿಗೆ ಮರಿಗಳು ಆ ಕಣ್ಣಿಗಿಂತ ದಪ್ಪಗಾಗಿರುತ್ತವೆ. ಒಮ್ಮೆ ಅಂಚಿನ ಸಂದಿ ನೋಡಿಕೊಳ್ಳಿ.

ಇನ್ನು ಉಳಿದದ್ದು, ಇಷ್ಟೊಂದು ಮೀನು ಏನು ಮಾಡುವುದು ಎಂಬುದು. ಕೆರೆಗೆ ಬಿಡುವುದು ಪುಣ್ಯ ಎಂದುಕೊಂಡವರು ಬಹಳ ಜನ. ಬೇಡ. ಇದು ನಮ್ಮ ನೀರಿನ ಮೀನೇ ಅಲ್ಲ, ದಕ್ಷಿಣ ಅಮೆರಿಕದ ಉತ್ತರ ಭಾಗ, ಟ್ರಿನಿಡಾಡ್ ಕಡೆಯದು. ಟ್ರಿನಿಡಾಡ್‌ನಿಂದ ಲಂಡನ್ನಿಗೆ ಮಾದರಿ ಕಳಿಸಿದ ಗಪ್ಪಿ ಎಂಬ ಮನುಷ್ಯನ ಹೆಸರೇ 1866ರಲ್ಲಿ ಇದಕ್ಕೆ ಅಂಟಿತು. ಸೊಳ್ಳೆ ಮರಿ ತಿನ್ನುತ್ತದೆ ಎಂದು ಇಲ್ಲಿಗೂ ತಂದರು. ಆರೋಗ್ಯ ಇಲಾಖೆಯವರು ಲಾರ್ವಾಹಾರಿ ಮೀನು ಎಂದು ಬಾವಿಗೆ, ತೊಟ್ಟಿಗೆ ಬಿಡುವುದು ಇದನ್ನು ಮತ್ತು ಗಂಬೂಸಿಯವನ್ನು. ಅದು ಅವರ ಲೆಕ್ಕಾಚಾರ. ನಮ್ಮ ಹಳ್ಳಕೊಳ್ಳದ ಸಣ್ಣ ಮೀನುಗಳ ಜಾಗಕ್ಕೆ ನಾವು ಇವನ್ನು ಸುರಿಯಬಾರದು. ಮನೆಯ ತಾವರೆ ಟಬ್ಬಿಗೆ ನಾಲ್ಕು ಬಿಡಿ, ಸೊಳ್ಳೆ ಕಾಟ ತಪ್ಪುತ್ತದೆ. ಉಳಿದವನ್ನು ಅಂಗಡಿಗೆ ಕೊಡುತ್ತೇನೆ, ಬದಲಿಗೆ ಆರ್ಟೀಮಿಯ ಮೊಟ್ಟೆ ತರುತ್ತೇನೆ. ಅಂಗಡಿಯವರಿಗೆ ಬೇಕಾಗುವುದು ಬಣ್ಣದ ಬಾಲದ ಗಂಡು. ಹೆಣ್ಣನ್ನು ಜೊತೆಗೆ ಪುಕ್ಕಟೆ ಎಂದರೂ ಮುಖ ತಿರುಗಿಸುತ್ತಾರೆ. ಹಾಗಾಗಿ ಹೆಣ್ಣುಮರಿಗಳನ್ನು ಮೊದಲ ಸಲ ಮೀನು ಸಾಕುವ ಅಕ್ಕಪಕ್ಕದ ಮಕ್ಕಳಿಗೆ ಕೊಡುತ್ತಿದ್ದೇನೆ. ಕೊಡುವಾಗ ಒಂದು ತುಂಡು ಜಾಲರಿಯನ್ನೂ ಕೈಗಿಡುತ್ತೇನೆ.